ಧಾರೆ ಎರೆಸಿಕೊಂಡ ಹವಾಲ್ದಾರ್ ಮೇಜರ್

ನಲವತ್ತೇಳನೇ ಇಸವಿ. ಗೌರಿ ಹಬ್ಬ ಕಳೆದು ವಾರವಾಗಿತ್ತು. ಮೇಜರು ಅವತ್ತು ಮದ್ದೂರಿಗೆ ಹೋಗಿದ್ದರು. ಹೋಗಿದ್ದು ನೇಗಿಲಿನ ಗುಳ ತಟ್ಟಿಸುವುದಕ್ಕೆ. ಬಂದದ್ದು ಗಂಟಲು ಕಟ್ಟಿಸಿಕೊಂಡು.

"ಯಾಕೆ ಗಂಟ್ಲು ಇಂಗಾಗದೆ?" ಅಂತ ಹೆಂಡತಿ ಹೊಂಬಾಳಮ್ಮ ಕೇಳಿದಳು.

"ಬಸ್ ಸ್ಟ್ಯಾಂಡಲ್ಲಿ ಜನ ಕುರಿ ನುಗ್ದಂಗೆ ನುಗ್ತಿದ್ರು. ಸಾಲಾಗಿ ನಿಲ್ಲುಸ್ದೆ."

"ನಿಮ್ಗ್ಯಾರು ಯೋಳಿದ್ರು ನಿಲ್ಸೋಕೆ?"

"ಯೋಳ್ಬೇಕಾ?"

"ನಿಂತ್ರಾ?"

"ನಿಂತ್ರು. ಮಳವಳ್ಳಿ ಕಡೆ ಓಗೋ ಎಂಗಸ್ರು ಮುಂದೆ, ಗಂಡಸ್ರು ಇಂದೆ. ಒಳ್ಳೆ ದಾರ ಇಡ್ದಂಗೆ ನಿಂತಿದ್ರು ಕಣೆ. ಆಮೇಲೆ ಬಸ್ಸೇ ಬರ್ನಿಲ್ಲ."

"ಮತ್ತೆ?"

"ಮತ್ತೇನು, ನಾನು ನಡ್ಕೊಂಡ್ ಬಂದೆ. ಅವ್ರು ನಿಂತವ್ರೆ."

ಹೊಂಬಾಳಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೇಜರು ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಅಲ್ಲ. ಕಾಲು ತೊಳೆದು ಬಂದು ಕೂತರು. ಎರಡು ಮುದ್ದೆ ಉಂಡರು. ಉಪ್ಪೆಸರಿಗೆ ಖಾರ ಸಾಲದು ಅಂದರು. ಹೊಂಬಾಳಮ್ಮ ಮೆಣಸಿನಕಾಯಿ ತಂದು ಮುಂದಿಟ್ಟಳು, ಅದನ್ನು ಮುಟ್ಟಲಿಲ್ಲ. ಖಾರ ಬೇಕು ಅಂತಲ್ಲ, ತಪ್ಪು ಹುಡುಕಬೇಕು ಅಂತ. ಪಲ್ಟನ್ನಿನ ಚಾಳಿ.

ಮಾರನೆ ದಿನ ಹೊತ್ತು ಹುಟ್ಟುವ ಮುಂಚೆ ಎದ್ದರು. ಮುಖ ತೊಳೆದರು. ಜಗಲಿ ಮೇಲೆ ಕೂತು ಮೆಟ್ಟು ಹಾಕಿಕೊಳ್ಳಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಗುಂಡಿಗೆ ಸಾಯದವರು, ಜಪಾನಿನವರ ಸೆರೆಯಲ್ಲಿ ಸಾಯದವರು, ಮೆಟ್ಟು ಹಾಕಿಕೊಳ್ಳುವಾಗ ಸತ್ತರು. ವಯಸ್ಸು ನಲವತ್ತು ದಾಟಿತ್ತು, ಐವತ್ತರ ಹತ್ತಿರಕ್ಕೂ ಬಂದಿರಲಿಲ್ಲ. ಮದ್ದೂರಿನಿಂದ ಬಂದ ಡಾಕ್ಟರು ಎದೆ ನಿಂತುಹೋಗಿದೆ ಅಂದರು. ಅದು ಹೊಂಬಾಳಮ್ಮನಿಗೂ ಕಾಣುತ್ತಿತ್ತು.

ಮೇಜರ ಹೆಸರು ಮರಿಸಿದ್ದಯ್ಯ. ಆ ಹೆಸರು ಹಿಡಿದು ಕರೆಯುವವರು ಊರಲ್ಲಿ ಅವರ ಅಣ್ಣ ಒಬ್ಬನೇ. ಮಿಕ್ಕವರಿಗೆಲ್ಲ ಮೇಜರು.

ಅವರ ಕತೆ ಹೇಳಬೇಕು ಅಂದರೆ ಎತ್ತಿನಿಂದ ಶುರು ಮಾಡಬೇಕು.

ವೈದ್ಯನಾಥಪುರದಲ್ಲಿ ಅವರ ಮನೆಗೆ ಇದ್ದದ್ದು ಸಣ್ಣ ಬೇಸಾಯ. ಅಣ್ಣ ಕರಿಸಿದ್ದಯ್ಯ ಹೊಲ ಹಿಡಿದ. ತಮ್ಮ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ ಬೆಳೆದಿದ್ದ. ಮೈಸೂರಿಗೆ ಹೋಗಿ ಮಹಾರಾಜರ ಪಲ್ಟನ್ನು ಸೇರಿಬಿಟ್ಟ. ಸಿಪಾಯಿ ಆದ, ನಾಯಕ ಆದ, ಹವಾಲ್ದಾರ ಆದ. ನಡುವೆ ಮಳವಳ್ಳಿ ಕಡೆಯ ಹೊಂಬಾಳಮ್ಮನನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಹೆಂಡತಿ ಊರಲ್ಲಿ, ಗಂಡ ಮೈಸೂರಲ್ಲಿ, ರಜ ಸಿಕ್ಕಾಗ ಬರುವುದು.

ಹವಾಲ್ದಾರ ಆದ ಮೇಲೆ ಹೊಸ ಹುಡುಗರಿಗೆ ಕವಾಯತು ಕಲಿಸುವುದು ಅವರ ಪಾಲಿಗೆ ಬಂತು. ಹುಡುಗರೆಲ್ಲ ಮದ್ದೂರು, ಮಳವಳ್ಳಿ, ಮಂಡ್ಯ ಕಡೆಯವರು. ಗದ್ದೆ ಕೆಸರು ಒಣಗದ ಕಾಲುಗಳು. ಎಡ ಬಲ ಅಂತ ಇಂಗ್ಲಿಷಿನಲ್ಲಿ ಕೂಗಿದರೆ ಒಬ್ಬ ಇತ್ತ, ಒಬ್ಬ ಅತ್ತ. ಪಲ್ಟನ್ನಿನ ಬಿಳಿ ದೊರೆ ಬಂದು ನೋಡಿ ತಲೆ ಆಡಿಸಿ ಹೋದ. ಮೇಜರು, ಆಗಿನ್ನೂ ಹವಾಲ್ದಾರರು, ಒಂದು ರಾತ್ರಿಯೆಲ್ಲ ಯೋಚನೆ ಮಾಡಿದರು. ಬೆಳಿಗ್ಗೆ ಹುಡುಗರನ್ನು ನಿಲ್ಲಿಸಿ ಕೇಳಿದರು.

"ಏನ್ಲಾ, ನಿಮ್ಮನೇಲಿ ನೇಗಿಲಿಗೆ ಎಡ್ಗಡೆ ಕಟ್ಟೋ ಎತ್ತು ಯಾವ್ದು?"

"ಕೆಂದ, ಬುದ್ಧಿ."

"ಬಲ್ಗಡೆ?"

"ಬಿಳಿಯ."

"ಆಯ್ತು. ಈ ಕಾಲು ಕೆಂದ, ಈ ಕಾಲು ಬಿಳಿಯ. ನಡಿ."

ಉಳುವವರಿಗೆಲ್ಲ ಗೊತ್ತಿರುವುದು ಇದು. ಎಡಗಡೆ ಕಟ್ಟುವುದು ಎಡಗೋಲಿನ ಎತ್ತು, ಬಲಗಡೆಯದು ಬಲಗೋಲು. ಅಭ್ಯಾಸವಾದ ಎತ್ತನ್ನು ಕಡೆ ಬದಲಾಯಿಸಿ ಕಟ್ಟಿದರೆ ನೊಗಕ್ಕೆ ಕತ್ತು ಕೊಡುವುದಿಲ್ಲ. ರೈತರ ಮಕ್ಕಳು ತಮ್ಮ ಕೈ ಮರೆತರೂ ಎತ್ತಿನ ಕಡೆ ಮರೆಯುವುದಿಲ್ಲ. ಮೇಜರು ಗಟ್ಟಿಯಾಗಿ "ಕೆಂದ! ಬಿಳಿಯ! ಕೆಂದ! ಬಿಳಿಯ!" ಅಂತ ಕೂಗಿದರು. ಸಾಲು ಹೊರಟಿತು. ಹೊರಟ ಹತ್ತು ಹೆಜ್ಜೆಗೆ ನಡುವಿನ ಒಬ್ಬ ಪಕ್ಕದವನ ಮೇಲೆ ಬಿದ್ದ, ಅವನು ಅವನ ಪಕ್ಕದವನ ಮೇಲೆ ಬಿದ್ದ. ಬಾಳೆಗಿಡ ಉರುಳಿದ ಹಾಗೆ ಸಾಲೇ ಉರುಳಿತು.

"ಏನಾಯ್ತ್ಲಾ?"

"ನಮ್ಮನೇಲಿ ಕೆಂದ ಬಲ್ಗೋಲು, ಬುದ್ಧಿ."

ಅಂದಿನಿಂದ ಎತ್ತಿನ ಹೆಸರು ಬಿಟ್ಟು ಬರೀ "ಎಡಗೋಲ್, ಬಲಗೋಲ್" ಅಂತ ಆಯಿತು. ತಿಂಗಳೊಳಗೆ ಹುಡುಗರು ಹೂಡಿದ ಜೋಡಿ ಹಾಗೆ ನಡೆದರು. ದೊರೆ ಮತ್ತೆ ಬಂದ. ಅದೇನು ಕೂಗುತ್ತೀಯ ಅಂತ ಕೇಳಿದ. ಬೇಸಾಯ, ಸಾಹೇಬರೆ, ಅಂದರು ಇವರು. ದೊರೆಗೆ ಏನು ತಿಳಿಯಿತೋ, ಭುಜ ತಟ್ಟಿ ಹೋದ. ಮೂವತ್ತೊಂಬತ್ತರಲ್ಲಿ ಹವಾಲ್ದಾರ್ ಮೇಜರ್ ಮಾಡಿದರು.

ಹವಾಲ್ದಾರ್ ಮೇಜರ್ ಅಂದರೆ ಏನು ಅಂತ ಹೊಂಬಾಳಮ್ಮನಿಗೆ ಅರ್ಥವಾಗಲು ವರ್ಷ ಹಿಡಿಯಿತು. ಮೇಲೆ ಜಮಾದಾರರು, ಸುಬೇದಾರರು, ಅವರ ಮೇಲೆ ದೊರೆಗಳು. ಕೆಳಗೆ ನೂರು ಚಿಲ್ಲರೆ ಸಿಪಾಯಿಗಳು. ಇವರು ಮಧ್ಯೆ. ಯಾರು ಉಂಡರು, ಯಾರು ಉಣ್ಣಲಿಲ್ಲ, ಯಾರ ಬೂಟು ಹರಿಯಿತು, ಯಾರು ಹೆಂಡ ಕುಡಿದು ಬಂದ, ಎಲ್ಲ ಇವರ ತಲೆ ಮೇಲೆ. ಹೆಸರು ಬಂದರೆ ಮೇಲಿನವರಿಗೆ, ಬೈಗುಳ ಬಂದರೆ ಇವರಿಗೆ.

"ಅಂಗಂದ್ರೆ ದೊಡ್ಡ ಮನೇಲಿ ಇರೀ ಸೊಸೆ ಇದ್ದಂಗೆ," ಅಂದಳು ಹೊಂಬಾಳಮ್ಮ. "ಗೇಯೋದೆಲ್ಲ ಅವ್ಳು. ಬೀಗದ ಕೈ ಅತ್ತೆ ಸೊಂಟ್ದಲ್ಲಿ."

ಮೇಜರು ಯೋಚಿಸಿ, "ಊ. ಅಂಗೇಯ," ಅಂದರು.

ಯುದ್ಧ ಶುರುವಾಯಿತು. ನಲವತ್ತನೇ ಇಸವಿಯಲ್ಲಿ ಮೇಜರು ಜನ ಸೇರಿಸಲು ಈ ಕಡೆಗೆ ಬಂದರು. ಚಿಕ್ಕರಸಿನಕೆರೆಯ ಬೆಟ್ಟಯ್ಯ ಬಂದ, ಮಳವಳ್ಳಿ ಕಡೆಯ ಕೆಲವರು ಬಂದರು. ವೈದ್ಯನಾಥಪುರದಲ್ಲಿ ಮೇಜರ ಮನೆಯಿಂದ ಮೂರು ಮನೆ ಆಚೆ ಚಿಕ್ಕಮಾದಮ್ಮ ಇದ್ದಳು. ಗಂಡ ಸತ್ತು ಬಹಳ ಕಾಲ. ಒಬ್ಬನೇ ಮಗ, ಚಲುವರಾಜು. ನಗುಮುಖದ ಹುಡುಗ. ಅವನೂ ಬಂದು ಜಗಲಿ ಮುಂದೆ ನಿಂತ.

"ಮಾವ, ನನ್ನೂ ಕರ್ಕೊಂಡೋಗು."

"ನೀನು ಒಬ್ನೇ ಮಗ. ಓಗ್ಲಾ, ಗದ್ದೆ ತಾವ್ಕೆ ಓಗು."

"ನೀನು ಬ್ಯಾಡ ಅಂದ್ರೆ ಮಂಡ್ಯಕ್ಕೆ ಓಯ್ತೀನಿ. ಅಲ್ಲಿ ಎದೆ ಅಳ್ದು ತಕ್ಕೋತಾರಂತೆ, ಅಣ್ಣ ತಮ್ಮ ಅವ್ರಾ ಅಂತ ಯಾರೂ ಕೇಳಕ್ಕಿಲ್ವಂತೆ."

ಮೇಜರು ಬೈದು ಕಳಿಸಿದರು. ಸ್ವಲ್ಪ ಹೊತ್ತಿಗೆ ಅವನ ಅವ್ವನೇ ಬಂದಳು. ಒಂದು ಕೈಯಲ್ಲಿ ಮಗನ ರಟ್ಟೆ, ಇನ್ನೊಂದು ಕೈಯಲ್ಲಿ ಹಾಲಿನ ಚೊಂಬು.

"ಕೈ ಒಡ್ಡು," ಅಂದಳು.

"ಯಾಕಕ್ಕಾ?"

"ಒಡ್ಡು ಅಂದೆ."

ನೂರು ಜನರಿಗೆ ಅಪ್ಪಣೆ ಕೊಡುವ ಮನುಷ್ಯ ಕೈ ಒಡ್ಡಿದರು. ಚಿಕ್ಕಮಾದಮ್ಮ ಮಗನ ಕೈ ತೆಗೆದು ಮೇಜರ ಕೈ ಮೇಲಿಟ್ಟಳು. ಮೇಲಿಂದ ಹಾಲು ಹೊಯ್ದಳು. ಮದುವೆಯಲ್ಲಿ ಹೆಣ್ಣನ್ನು ಗಂಡಿಗೆ ಧಾರೆ ಎರೆದು ಕೊಡುತ್ತಾರಲ್ಲ, ಹಾಗೆಯೇ. ಜಗಲಿ ಮುಂದೆ ನೆರೆದಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾದವ್ವ ಮಗನ್ನ ಪಲ್ಟನ್ಗೆ ಮದ್ವೆ ಮಾಡ್ತಾವ್ಳೆ ಕಣ್ರಲಾ!"

"ಊ ಕಣ್ಲಾ, ಮಾಡ್ತಾ ಇವ್ನಿ," ಅಂದಳು ಅವಳು. "ಎಣ್ಣು ಕೊಡೋರು ಧಾರೆ ಯಾಕ್ ಎರೀತಾರೆ? ಈಸ್ಕೊಂಡೋನು ನಾಳೆ ನಂಗೊತ್ತಿಲ್ಲ ಅನ್ನಬಾರ್ದು ಅಂತ. ಮಂಡ್ಯದಲ್ಲಿ ಯಾವನೋ ಎದೆ ಅಳ್ದು ಎತ್ತಾಕ್ಕೊಂಡೋದ್ರೆ ನಾನು ನಾಳೆ ಯಾರ್ನ ಕೇಳ್ಲಿ? ಇವ್ನಾದ್ರೆ ಇವ್ನ ಮನೆ ಬಾಗ್ಲಿಗೆ ಬಂದು ಕೇಳ್ಬೋದು." ಮೇಜರ ಕಡೆ ತಿರುಗಿದಳು. "ಇನ್ಮೇಲೆ ನೀನು ನನ್ ಬೀಗ. ತವರಿಗೆ ಕರ್ಕೊಂಡ್ ಬಂದ್ ಬುಡೋದು ನಿಂದು. ಬತ್ತೀಯಾ?"

"ಕರ್ಕೊಂಡ್ ಬತ್ತೀನಕ್ಕ."

ಮೇಜರು ನಗಲಿಲ್ಲ. ಅವರ ಬೆರಳ ಸಂದಿಯಿಂದ ಹಾಲು ಸುರಿದು ಕಾಲ ಮೇಲೆ ಬೀಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮ ಆ ಮುಖ ನೋಡಿದಳು. ಈ ಮಾತು ಇಲ್ಲಿಗೆ ಮುಗಿಯುವುದಿಲ್ಲ ಅಂತ ಅವಳಿಗೆ ಅವತ್ತೇ ಅನ್ನಿಸಿತು.

ಮುಗಿಯಲಿಲ್ಲ. ಅಂದಿನಿಂದ ಚಿಕ್ಕಮಾದಮ್ಮ ಹೊಂಬಾಳಮ್ಮನನ್ನು "ಬೀಗ್ತಿ" ಅಂತಲೇ ಕರೆದಳು. ಹಬ್ಬದಲ್ಲಿ ಒಬ್ಬಟ್ಟು ಬೀಗರ ಮನೆಯಿಂದ ಯಾಕೆ ಬರಲಿಲ್ಲ ಅಂತ ಜಗಳಕ್ಕೆ ಬಂದಳು. ಹೊಂಬಾಳಮ್ಮ ಕಳಿಸಿದರೆ, ಹೂರಣ ಗಟ್ಟಿಯಾಗಿದೆ, ಮಳವಳ್ಳಿಯವರಿಗೆ ಒಬ್ಬಟ್ಟು ಮಾಡಲು ಬರುವುದಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದಳು.

ನಲವತ್ತೊಂದರಲ್ಲಿ ಮೇಜರು ರಜಕ್ಕೆ ಬಂದಾಗ ಒಂದು ಸುದ್ದಿ ತಂದರು. ಜಮಾದಾರ ಮಾಡುತ್ತಾರಂತೆ. ಬೆಂಗಳೂರಲ್ಲೇ ಇದ್ದು ಹೊಸಬರಿಗೆ ಕಲಿಸುವ ಕೆಲಸ. ಸಮುದ್ರ ದಾಟಬೇಕಾಗಿಲ್ಲ. ಇರಲು ಮನೆ ಕೊಡುತ್ತಾರೆ, ಹೆಂಡತಿಯನ್ನು ಕರೆದುಕೊಂಡು ಹೋಗಬಹುದು.

ಹೊಂಬಾಳಮ್ಮ ಆ ಮಾತು ಮುಗಿಯುವಷ್ಟರಲ್ಲಿ ಯಾವ ಪಾತ್ರೆ ತೆಗೆದುಕೊಂಡು ಹೋಗುವುದು, ಯಾವುದನ್ನು ಓರಗಿತ್ತಿಗೆ ಬಿಡುವುದು ಅಂತ ಮನಸ್ಸಿನಲ್ಲೇ ಬೇರೆ ಮಾಡಿದ್ದಳು. ಒರಳು ಹೊರಲಾಗುವುದಿಲ್ಲ, ಅಲ್ಲೇ ಕೊಳ್ಳಬೇಕು ಅನ್ನುವವರೆಗೂ ಹೋಗಿತ್ತು.

"ಬ್ಯಾಡ ಅಂದ್ಬುಟ್ಟೆ," ಅಂದರು ಮೇಜರು.

"ಏನಂದ್ರಿ?"

"ನಮ್ ಕಂಪನಿ ಸಮುದ್ರದ ಅಡಗು ಅತ್ತುತ್ತೆ. ಉಡುಗ್ರು ಒಂಟೋಯ್ತಾವ್ರೆ. ನಾನು ಬೆಂಗ್ಳೂರಲ್ಲಿ ಕೂತ್ಕಳ್ಳಾ?"

"ಆ ಮುದ್ಕಿ ಒಂದ್ ಚೊಂಬು ಆಲು ಸುರಿದ್ಲು ಅಂತ ನನ್ ಬುಟ್ಟು ಓಯ್ತೀರಾ?"

"ಅವ್ಳು ಸುರೀದಿದ್ರೂ ಓಯ್ತಿದ್ದೆ. ಸುರಿದ್ಮೇಲೆ ಓಗ್ದೆ ಇರಾಕಾಗಕ್ಕಿಲ್ಲ."

"ನನ್ನೂ ಧಾರೆ ಎರ್ದೇ ಕೊಟ್ಟಿದ್ದು ನಮ್ಮಪ್ಪ."

ಮೇಜರು ಎದ್ದು ಹೋಗಿ ಎತ್ತಿಗೆ ಹುಲ್ಲು ಹಾಕಿ ಬಂದರು. ಆಗಲೇ ಹಾಕಿದ್ದ ಹುಲ್ಲಿನ ಮೇಲೆ ಇನ್ನಷ್ಟು ಹಾಕಿದರು. ಮಾರನೆ ದಿನ ಹೊರಟರು. ಹೊಂಬಾಳಮ್ಮ ರೊಟ್ಟಿ ಕಟ್ಟಿಕೊಟ್ಟಳು, ಮಾತಾಡಲಿಲ್ಲ. ಮಾತಾಡಿ ಕಳಿಸಬೇಕಾಗಿತ್ತು. ಯಾರಿಗೆ ಗೊತ್ತಿತ್ತು.

ಮಲಯಕ್ಕೆ ಹೋದರು, ಸಿಂಗಪುರಕ್ಕೆ ಹೋದರು, ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಅದಾದ ಮೇಲೆ ಒಂದು ಸುದ್ದಿಯೂ ಇಲ್ಲ. ಸರ್ಕಾರದವರು ಕಾಣೆಯಾಗಿದ್ದಾರೆ ಅಂದರು. ಸತ್ತರು ಅಂತಲೂ ಅನ್ನಲಿಲ್ಲ, ಇದ್ದಾರೆ ಅಂತಲೂ ಅನ್ನಲಿಲ್ಲ. ಎರಡು ವರ್ಷ ನೋಡಿದ ಮೇಲೆ ಬಾವ ಕರಿಸಿದ್ದಯ್ಯ ಊರ ಹಿರಿಯರನ್ನು ಕೂರಿಸಿಕೊಂಡು ಮಾತೆತ್ತಿದ. ಕೆಟ್ಟವನಲ್ಲ. ತಮ್ಮ ಹಸಿದುಕೊಂಡು ಅಲೆಯುತ್ತಾನೆ, ತಿಥಿ ಮಾಡಿಬಿಡೋಣ ಅನ್ನುವುದು ಅವನ ಸಂಕಟ. ತಿಥಿ ಮಾಡಿದರೆ ಹೊಂಬಾಳಮ್ಮನ ಬಳೆ ಒಡೆಯಬೇಕು.

ಹೊಂಬಾಳಮ್ಮ ಒಳಗೆ ಕೂತು ಕೈ ಸೆರಗಿನಲ್ಲಿ ಸುತ್ತಿಕೊಂಡಳು. ಹೊರಗೆ ಚಿಕ್ಕಮಾದಮ್ಮನ ದನಿ ಕೇಳಿಸಿತು.

"ಯಾರಿಗ್ಲಾ ತಿಥಿ? ನನ್ ಬೀಗಂಗಾ? ನನ್ ಮಗನ್ನ ತಂದು ಬುಡೋಗಂಟ ಅವ್ನು ಸಾಯಕ್ಕಿಲ್ಲ. ಸಾಯೋಕೆ ಅವಂಗೆ ರಜ ಕೊಟ್ಟೋರ್ಯಾರು?"

"ಅದಲ್ಲ ಮಾದಕ್ಕ..." ಅಂದ ಕರಿಸಿದ್ದಯ್ಯ.

"ಅವ್ಳ ಬಳೆ ಮುಟ್ದೋರ ಕೈ ಮುರ್ದು ಒಲೆಗಿಕ್ತೀನಿ. ಎದ್ದೇಳಿ, ಎಲ್ಲಾ ಎದ್ದೇಳಿ. ಗದ್ದೇಲಿ ಗೇಮೆ ಇಲ್ವಾ?"

ಹಿರಿಯರು ಎದ್ದು ಹೋದರು. ತಿಥಿ ನಿಂತಿತು. ಅವತ್ತಿನಿಂದ ಇಬ್ಬರು ಹೆಂಗಸರೂ ಸೋಮವಾರ ಸೋಮವಾರ ವೈದ್ಯನಾಥೇಶ್ವರನ ಗುಡಿಗೆ ಒಟ್ಟಿಗೆ ಹೋದರು. ಒಟ್ಟಿಗೆ ಅಂದರೆ, ದಾರಿಯುದ್ದಕ್ಕೂ ಕಿತ್ತಾಡಿಕೊಂಡು. ದೇವರ ಮುಂದೆ ಮಾತ್ರ ಬಾಯಿ ಮುಚ್ಚುತ್ತಿದ್ದರು. ಇಬ್ಬರಿಗೂ ಕೇಳುವುದು ಒಂದೇ ಇತ್ತು. ಮೇಜರು ಹುಡುಗನನ್ನು ಕರೆದುಕೊಂಡು ಬರಬೇಕು.

ನಲವತ್ತೈದರ ಕೊನೆಗೆ ಬಂದರು.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಸುದ್ದಿ ಅವರಿಗಿಂತ ಮುಂಚೆ ಊರು ಮುಟ್ಟಿತು. ಪ್ಲಾಟ್‌ಫಾರಮ್ಮಿನ ಮೇಲೆ ಜೊತೆಗೆ ಇಳಿದ ಪಲ್ಟನ್ನಿನ ಹುಡುಗರನ್ನೆಲ್ಲ ಸಾಲು ನಿಲ್ಲಿಸಿದರಂತೆ. ಮೂಳೆಯೇ ಎದ್ದು ನಿಂತ ಹಾಗಿದ್ದರಂತೆ ಎಲ್ಲರೂ. ಒಬ್ಬೊಬ್ಬರ ಕಾಲರು ಸರಿಮಾಡಿ, ಸಲಾಮು ಹೊಡೆದು, "ಮನೆಗೋಗ್ರಲಾ" ಅಂದರಂತೆ. ನೋಡುತ್ತಿದ್ದ ಸ್ಟೇಷನ್ ಜನ ಅತ್ತರಂತೆ. ಹುಡುಗರು ಮಾತ್ರ ಮನೆಗೆ ಹೋಗದೆ ಅಲ್ಲೇ ನಿಂತಿದ್ದರಂತೆ, ಇನ್ನೇನು ಅಪ್ಪಣೆಯಾಗುತ್ತದೋ ಅಂತ.

ಹೊಂಬಾಳಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಬೀದಿಯ ಕೊನೆಯಲ್ಲಿ ಮೇಜರು ಕಂಡರು. ಎತ್ತರ ಮಾತ್ರ ಹಾಗೇ ಇತ್ತು, ಮಿಕ್ಕಿದ್ದೆಲ್ಲ ಕರಗಿತ್ತು. ಬಂದರು. ಮನೆ ಮುಂದೆ ಬಂದರು. "ಬಂದೆ, ಇರು," ಅಂದರು. ಮುಂದೆ ಹೋಗಿಬಿಟ್ಟರು.

ನಾಲ್ಕು ವರ್ಷ ಕಾದ ಹೆಂಡತಿಗೆ "ಬಂದೆ, ಇರು." ಹೊಂಬಾಳಮ್ಮ ಕರ್ಪೂರ ಆರುವ ಮುಂಚೆ ತಟ್ಟೆ ಸಮೇತ ಹಿಂದೆ ಓಡಿದಳು.

ಮೇಜರು ಚಿಕ್ಕಮಾದಮ್ಮನ ಬಾಗಿಲಲ್ಲಿ ನಿಂತಿದ್ದರು. ಅವಳು ಹೊರಗೆ ಬಂದಳು. ಮೇಜರನ್ನು ನೋಡಲಿಲ್ಲ, ಮೇಜರ ಹಿಂದಿನ ಬೀದಿ ನೋಡಿದಳು. ಬೀದಿಯಲ್ಲಿ ಹೊಂಬಾಳಮ್ಮ ಒಬ್ಬಳೇ.

"ಅಕ್ಕ, ಕರ್ಕೊಂಡ್ ಬರಾಕಾಗ್ನಿಲ್ಲ," ಅಂದರು ಮೇಜರು.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏನಾಯಿತು ಅಂತ ಹೊಂಬಾಳಮ್ಮನಿಗೆ ಹೇಳಿದ್ದು ಗಂಡ ಅಲ್ಲ, ಚಿಕ್ಕರಸಿನಕೆರೆಯ ಬೆಟ್ಟಯ್ಯ. ಸೆರೆಯಲ್ಲಿ ಜಪಾನಿನವರು ಕೊಡುತ್ತಿದ್ದದ್ದು ಹಿಡಿ ಅಕ್ಕಿ, ಮರಗೆಣಸು. ಮುದ್ದೆ ಉಂಡ ಹುಡುಗರಿಗೆ ಅದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಉಂಡ ಹಾಗೇ ಅನ್ನಿಸುತ್ತಿರಲಿಲ್ಲ. ಮೇಜರು ಮರಗೆಣಸು ಒಣಗಿಸಿ, ಕುಟ್ಟಿಸಿ, ಹಿಟ್ಟು ಮಾಡಿಸಿ, ಬಿದಿರ ಕೋಲಿನಲ್ಲಿ ತೊಳಸಿ ಮುದ್ದೆ ಕಟ್ಟಿದರು.

"ಬೆಳ್ಳಗಿತ್ತು ಕಣಕ್ಕ, ಸುಣ್ಣದ ಉಂಡೆ ಇದ್ದಂಗೆ," ಅಂದ ಬೆಟ್ಟಯ್ಯ. "ಸಾರಿಲ್ಲ, ಉಪ್ಪಿಲ್ಲ. ನಮ್ ಮೇಜ್ರು ಮುಂದೆ ನಿಂತ್ಕೊಂಡು 'ಅಗೀಬ್ಯಾಡ್ರಲಾ, ನುಂಗ್ರಿ, ನಿಮ್ಮವ್ವ ಕಟ್ಟವ್ಳೆ ಅನ್ಕೊಂಡು ನುಂಗ್ರಿ' ಅನ್ನೋರು. 'ನಮ್ಮವ್ವ ಇಂಗೆ ಕಟ್ಟಿದ್ರೆ ನಮ್ಮಪ್ಪ ತವರಿಗೆ ಅಟ್ತಿದ್ದ' ಅಂತ ಚಲುವ ಅನ್ನೋನು. ಎಲ್ಲಾ ನಗೋರು. ನಗ್ತಾ ನುಂಗೋರು."

ಆ ಚಲುವನಿಗೇ ಭೇದಿ ಹಿಡಿಯಿತು. ಯುದ್ಧ ಮುಗಿಯಲು ಇನ್ನು ಒಂದು ಮಳೆಗಾಲ ಇತ್ತು. ಮೇಜರು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಗುಡಿಸಲಿಗೆ ತಿರುಗಿದರು. ಔಷಧಿ ಇರಲಿಲ್ಲ. ಮಣ್ಣು ಮಾಡಿದ್ದೂ ಅವರೇ. ಮಾರನೆ ಬೆಳಿಗ್ಗೆ ಮಿಕ್ಕವರನ್ನು ಸಾಲು ನಿಲ್ಲಿಸಿ, "ಮುಖ ಕೆರ್ಕೊಳ್ರಲಾ, ಏನ್ ಕರಡಿಗಳಂಗೆ ನಿಂತಿದ್ದೀರಿ," ಅಂತ ಬೈದರು.

"ಅವತ್ತು ಅವ್ರು ಬೈದಿದ್ಕೆ ನಾವು ಎದ್ ನಿಂತೊ," ಅಂದ ಬೆಟ್ಟಯ್ಯ.

ಪಲ್ಟನ್ನಿನಿಂದ ಬಿಡುಗಡೆಯಾಯಿತು. ಮೇಜರು ಊರಿಗೆ ಬಂದು ನಿಂತರು. ದಿನಾ ಬೆಳಿಗ್ಗೆ ಎದ್ದು ಚಿಕ್ಕಮಾದಮ್ಮನ ಬಾಗಿಲ ಮುಂದೆ ಹೋಗಿ ನಿಲ್ಲುವುದು. ಮಾತಿಲ್ಲ. ಅವಳು ಬಾಗಿಲು ತೆಗೆದು ಕಸ ಗುಡಿಸುವಳು, ಇವರ ಕಾಲ ಸುತ್ತ ಗುಡಿಸುವಳು. ಸಗಣಿ ನೀರು ಹಾಕುವಳು, ಇವರ ಕಾಲಿಗೂ ಬೀಳುವುದು. ಮೇಜರು ಅಲುಗುತ್ತಿರಲಿಲ್ಲ. ಊರಿನ ಜನಕ್ಕೆ ತಮಾಷೆ.

"ಏನ್ ಮೇಜ್ರೆ, ಅರಮನೆ ಕಾವಲು ಬುಟ್ಟು ಮಾದವ್ವನ ಮನೆ ಕಾವಲು ಇಡ್ಕೊಂಡ್ರಾ?"

ಹೊಂಬಾಳಮ್ಮನಿಗೆ ನಾಚಿಕೆ, ಕೋಪ, ಎರಡೂ.

"ಎಸ್ಟು ದಿನ ನಿಂತೀರಿ?"

"ಅವ್ಳು ಬೈಯೋಗಂಟ."

"ಬೈದ್ರೆ ಏನಾಯ್ತದೆ?"

"ಬೈದ್ರೆ ಸಾಕು."

ಪಲ್ಟನ್ನಿನಲ್ಲಿ ಅಷ್ಟು ವರ್ಷ ಬೈಗುಳ ಕೊಟ್ಟೇ ಬದುಕಿದ ಮನುಷ್ಯ, ಒಂದು ಬೈಗುಳಕ್ಕೆ ಕಾಯುತ್ತ ನಿಂತರು. ಸಂಕ್ರಾಂತಿ ಬಂತು, ಹೋಯಿತು. ಅವರು ಉಣ್ಣುತ್ತಿದ್ದದ್ದು ಅರ್ಧ ಮುದ್ದೆ. ಈ ಮುದುಕಿ ಬಾಯಿ ಬಿಡದಿದ್ದರೆ ಈತ ಉಳಿಯುವುದಿಲ್ಲ ಅಂತ ಹೊಂಬಾಳಮ್ಮನಿಗೆ ಖಾತ್ರಿಯಾಯಿತು. ಹೋಗಿ ಕಾಲು ಹಿಡಿಯೋಣ ಅಂತಲೂ ಯೋಚಿಸಿದಳು. ಹಿಡಿಯಲಿಲ್ಲ. ಯಾವ ಬಾಯಲ್ಲಿ ಕೇಳುವುದು? ತನ್ನ ಗಂಡ ಬಂದಿದ್ದ, ಅವಳ ಮಗ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಬೀದಿಯಲ್ಲಿ ದೊಡ್ಡ ಸದ್ದಾಯಿತು. ಹೊಂಬಾಳಮ್ಮ ಹೊರಗೆ ಓಡಿ ಬಂದಳು. ಚಿಕ್ಕಮಾದಮ್ಮನ ಹಿತ್ತಾಳೆ ಕೊಡಗಳು ಎರಡು ಬೀದಿಯಲ್ಲಿ ಉರುಳುತ್ತಿದ್ದವು.

"ಏನ್ ನಿಂತಿದ್ದೀಯ ಕಂಬ್ದಂಗೆ?" ಅಂತ ಅವಳು ಕೂಗುತ್ತಿದ್ದಳು. "ದಿನಾ ಬತ್ತಾನೆ, ದಿನಾ ನಿಂತ್ಕೋತಾನೆ! ನೀನು ನಿಂತ್ರೆ ನನ್ ಅಂಡೆ ತುಂಬ್ತದಾ? ನನ್ ಮಗ ಇದ್ದಿದ್ರೆ ಇಸ್ಟೊತ್ಗೆ ನೀರ್ ಸೇದಿ ತುಂಬ್ಸಿ ಗದ್ದೆಗೆ ಓಗ್ತಿದ್ದ. ನನ್ ಕೈಲಿ ಅಗ್ಗ ಎಳ್ಯೋಕಾಯ್ತದಾ? ಧಾರೆ ಎರೆಸ್ಕೊಂಡಂತೆ, ಧಾರೆ! ಏನ್ ಬೀಗನ್ಲಾ ನೀನು!"

ಮೇಜರು ಕೊಡಗಳನ್ನು ಎತ್ತಿಕೊಂಡರು. ಬಾವಿಗೆ ಹೊರಟರು. ಹೋಗುವಾಗ ಹೆಂಡತಿಯನ್ನು ನೋಡಿದರು. ಅಷ್ಟು ಅರಳಿದ ಮುಖವನ್ನು ಹೊಂಬಾಳಮ್ಮ ಮದುವೆ ದಿನವೂ ನೋಡಿರಲಿಲ್ಲ.

ಬಾವಿಯ ಹತ್ತಿರ ಹೆಂಗಸರಿಗೆ ಹಬ್ಬ. ಮೀಸೆ ಇರುವ ಮನುಷ್ಯ ಕೊಡ ಹಿಡಿದು ಬಂದಿದ್ದಾನೆ. ಸೊಂಟದ ಮೇಲೆ ಇಡಲು ಬರುವುದಿಲ್ಲ, ಹೆಗಲ ಮೇಲೆ ಹೊತ್ತರು. ಮೈಯೆಲ್ಲ ನೆಂದರು. ಎರಡನೇ ದಿನಕ್ಕೆ ಬಾವಿಯ ಹತ್ತಿರವೂ ಸಾಲು ಮಾಡಿಸಲು ಹೋದರು.

"ಒಬ್ರಿಂದ ಒಬ್ರು ಬನ್ರವ್ವಾ, ಅಗ್ಗ ಸಿಕ್ಕಾಕ್ಕೋತದೆ."

"ಓಗಪ್ಪ ಕಂಡಿದ್ದೀವಿ," ಅಂದಳು ಪಟ್ಟಲಮ್ಮ ಅನ್ನುವವಳು. "ಜಪಾನ್ನೋರು ನಿನ್ ಮಾತ್ ಕೇಳಿದ್ರಾ? ನಾವೂ ಕೇಳಕ್ಕಿಲ್ಲ."

ಆ ಬಾವಿಯಲ್ಲಿ ಮೇಜರು ಸೋತರು. ಕೊನೆಯವರೆಗೂ ಅಲ್ಲಿ ಸಾಲು ಆಗಲಿಲ್ಲ.

ನೀರು ಹಂಡೆಗೆ ಹೊಯ್ಯುವಾಗ ಚಿಕ್ಕಮಾದಮ್ಮ ದಿನಕ್ಕೊಂದು ಮಾತು ಕೇಳುತ್ತಿದ್ದಳು. ಒಂದೇ. ಎರಡು ಕೇಳುತ್ತಿರಲಿಲ್ಲ.

"ಸಮುದ್ರದ ಮೇಲೆ ಅಡಗ್ನಲ್ಲಿ ವಾಂತಿ ಮಾಡ್ಕೊಂಡ್ನಾ?"

"ಮಾಡ್ಕೊಂಡ. ಆಮೇಲೆ ಸರಿಯೋದ."

ಮಾರನೆ ದಿನ: "ಬೂಟು ಕಚ್ತಿತ್ತಾ?"

"ಮೊದ್ಲು ಕಚ್ತಿತ್ತು. ಎಣ್ಣೆ ಆಕ್ಸಿದ್ದೆ."

ಹೀಗೆ ಮಳೆಗಾಲದವರೆಗೂ ನಡೆಯಿತು. ಕೊನೆಗೆ ಒಂದು ದಿನ ಕೇಳಿದಳು.

"ಓಗೋವಾಗ ಅವ್ನ ತಾವ ಯಾರಿದ್ರು?"

"ನಾನಿದ್ದೆ."

"ನೀರ್ ಬುಟ್ಟಾ ಬಾಯ್ಗೆ?"

"ಬುಟ್ಟೆ."

ಅದಾದ ಮೇಲೆ ಚಿಕ್ಕಮಾದಮ್ಮ ಮಗನ ಬಗ್ಗೆ ಕೇಳಲಿಲ್ಲ. ಹೂರಣದ ಬಗ್ಗೆ, ಕಬ್ಬಿನ ಬಗ್ಗೆ, ಬೀಗ್ತಿಯ ದುರಹಂಕಾರದ ಬಗ್ಗೆ ಮಾತಾಡಿದಳು. ಮೇಜರು ಮನೆಗೆ ಬಂದು ಎರಡು ಮುದ್ದೆ ಉಣ್ಣಲು ಶುರುಮಾಡಿದರು. ಮೈ ಹತ್ತಿತು. ಹೊಂಬಾಳಮ್ಮನಿಗೆ ಗಂಡ ಪೂರ್ತಿ 'ಬಂದದ್ದು' ಆಗ. ಒಂದು ವರ್ಷದ ಮೇಲೆ ಸ್ವಲ್ಪ ದಿನ ಸಿಕ್ಕರು. ಅಷ್ಟೇ.

ಮೇಜರನ್ನು ಮಣ್ಣು ಮಾಡಲು ಮದ್ದೂರು, ಮಳವಳ್ಳಿ, ಚಿಕ್ಕರಸಿನಕೆರೆಯಿಂದ ಪಲ್ಟನ್ನಿನ ಹುಡುಗರೆಲ್ಲ ಬಂದರು. ಯಾರೂ ಹೇಳದೆ ಸಾಲು ನಿಂತರು. ಬೆಟ್ಟಯ್ಯ ಹೆಣ ಎತ್ತುವಾಗ ಸಣ್ಣಗೆ "ಎಡಗೋಲ್" ಅಂದ. ಎಲ್ಲರೂ ಒಟ್ಟಿಗೆ ಕಾಲು ಎತ್ತಿದರು. ಚಿಕ್ಕಮಾದಮ್ಮ ಬಂದು ಹೊಂಬಾಳಮ್ಮನ ಪಕ್ಕ ಕೂತಳು. ಬಳೆ ಒಡೆಯುವಾಗ ಮಾತ್ರ ಎದ್ದು ಹೋದಳು.

ತಿಥಿ ಆಯಿತು. ನೆಂಟರು ಹೋದರು. ಒಂದು ಬೆಳಿಗ್ಗೆ ಹೊಂಬಾಳಮ್ಮ ಜಗಲಿಯಲ್ಲಿ ಕೂತಿದ್ದಳು. ಚಿಕ್ಕಮಾದಮ್ಮ ಒಂದು ಕೊಡ ಹಿಡಿದು, ಮಂಡಿ ಒತ್ತಿಕೊಂಡು, ಗೋಡೆ ಹಿಡಿದು ಬಾವಿ ಕಡೆ ಹೋಗುತ್ತಿದ್ದಳು. ಹೋಗಲಿ ಅಂತ ಹೊಂಬಾಳಮ್ಮ ಅಂದುಕೊಂಡಳು. ಗಂಡನನ್ನು ಸಮುದ್ರ ದಾಟಿಸಿದವಳು. ಬಂದ ದಿನ ಆರತಿ ತಪ್ಪಿಸಿದವಳು. ಮಾತು ಕೊಟ್ಟವರು ಹೋದರು, ಮಾತೂ ಅವರ ಜೊತೆ ಹೋಯಿತು. ತನ್ನನ್ನು ಯಾರು ಕೇಳಿದ್ದರು?

ಬಾವಿಯಿಂದ ರಾಟೆಯ ಸದ್ದು ಬಂತು. ಹಗ್ಗ ಎಳೆದ ಸದ್ದು, ನಿಂತ ಸದ್ದು. ಮತ್ತೆ ಎಳೆದದ್ದು, ಮತ್ತೆ ನಿಂತದ್ದು. ಆಮೇಲೆ ಹಗ್ಗ ಜಾರಿ ಕೊಡ ದಡಕ್ಕನೆ ನೀರಿಗೆ ಬಿತ್ತು. ಹೊಂಬಾಳಮ್ಮ ಎದ್ದು ಬಾವಿಗೆ ಹೋದಳು.

"ಕೊಡು ಇತ್ಲಗೆ," ಅಂದಳು.

"ಓಗು ಒಳಿಕ್ಕೆ," ಅಂದಳು ಚಿಕ್ಕಮಾದಮ್ಮ. "ಇನ್ನೂ ಎಳೇ ಮುಂಡೆ, ಬೆಳ್ಗಾನೆ ಎದ್ರು ಸಿಕ್ರೆ ಜನ ಬೈತಾರೆ."

"ನೀನೇನ್ ಮುತ್ತೈದೇನಾ? ಅಗ್ಗ ಬುಡು."

ಚಿಕ್ಕಮಾದಮ್ಮ ಹಗ್ಗ ಬಿಟ್ಟಳು.

ಈಗಲೂ ಕೋಳಿ ಕೂಗಿದ ಮೇಲೆ, ಬಾವಿಯ ಹತ್ತಿರ ಜನ ಸೇರುವ ಮುಂಚೆ, ಹೊಂಬಾಳಮ್ಮ ಹೋಗಿ ಚಿಕ್ಕಮಾದಮ್ಮನ ಕೊಡಗಳನ್ನು ತೆಗೆದುಕೊಳ್ಳುತ್ತಾಳೆ. ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ. ನೀರು ಸೇದಿ ಹಂಡೆಗೆ ಹೊಯ್ಯುತ್ತಾಳೆ. ಮುದುಕಿ ಹಂಡೆಯೊಳಗೆ ಬಗ್ಗಿ ನೋಡಿ, "ಕಂಠಗಂಟ ತುಂಬ್ನಿಲ್ಲ," ಅನ್ನುತ್ತಾಳೆ. ಹೊಂಬಾಳಮ್ಮ ಇನ್ನೊಂದು ಕೊಡ ತರಲು ಹೋಗುತ್ತಾಳೆ.